ನೋವಿಲ್ಲದ ಅರೆತಲೆನೋವು

ತಲೆ ನೋಯದೆ ಅರೆತಲೆನೋವು ಬರುವುದುಂಟೇ ಎಂದರೆ ನಗುವವರೇ ಹೆಚ್ಚು. ನಾನೂ ನಕ್ಕವನೇ. ಕೆಲವು ವರ್ಷಗಳ ಹಿಂದೆ ಅಮೀರ್‌ಪೇಟ್‌ನ ಮೈತ್ರೀವನದ ಬಳಿ ಕಂಪ್ಯೂಟರ್ ತರಬೇತಿ ಕೇಂದ್ರಗಳ ಫಲಕಗಳನ್ನು ನೋಡುತ್ತಿದ್ದಾಗ ನಡುವಿನ ಅಕ್ಷರಗಳು ಕಾಣದಾದುವು. ಕೋಟೆಯ ತೆನೆಗಳಂತೆ ಅಂಕುಡೊಂಕಾದ ಮಿನುಗುವ ಗೆರೆಯೊಂದು ಮೂಡಿ, ಬರಬರುತ್ತ ಅಗಲವಾಗಿ, ಬಲಗಡೆಗೆ ಸರಿದು, ಸುಮಾರು 20 ನಿಮಿಷಗಳಲ್ಲಿ ಮಾಯವಾಯಿತು. ತಲೆ ಕಿಂಚಿತ್ತೂ ನೋಯಲಿಲ್ಲ. ಮನೆಯಲ್ಲಿ ಪಿತ್ತವೆಂದರು, ಮಿತ್ರರೊಬ್ಬರು ಕನ್ನಡಕ ಬದಲಿಸಲು ಹೇಳಿದರು.

ಇದರ ಮೂಲವಿರುವುದು ಕಣ್ಣಿನಲ್ಲಲ್ಲ, ಮೆದುಳಿನಲ್ಲಿ. ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿದರೂ ಗೆರೆ ಕಾಣುತ್ತಲೇ ಇರುತ್ತದೆ. ಮೆದುಳಿನ ಹಿಂಭಾಗದ ದೃಷ್ಟಿಪ್ರದೇಶದಲ್ಲಿ ನರಕೋಶಗಳ ಉದ್ರೇಕದ ಅಲೆಯೊಂದು ಮೆಲ್ಲನೆ ಹರಿದು, ತನ್ನ ಹಿಂದೆ ತಾತ್ಕಾಲಿಕ ಸ್ತಬ್ಧತೆಯನ್ನು ಬಿಟ್ಟುಹೋಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಶ್ಲಿಯವರು 1941ರಲ್ಲಿ, ತಮಗೇ ಕಂಡ ಆಕೃತಿಗಳನ್ನು ಗುರುತಿಸಿಕೊಂಡು, ಅದರ ವೇಗ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ಎಂದು ಗಣಿಸಿದರು. ಈ ನಿಧಾನವೇ ಮುಖ್ಯವಾದ ಕುರುಹು. ಇದು ಹರಡುತ್ತ ಬಂದು ಸಾಮಾನ್ಯವಾಗಿ 5ರಿಂದ 60 ನಿಮಿಷಗಳಲ್ಲಿ ಅಳಿಯುತ್ತದೆ. ಪಾರ್ಶ್ವವಾಯುವಾದರೋ ಥಟ್ಟನೆ ಎರಗುತ್ತದೆ. ಕೈಕಾಲು ಸೋತರೆ, ಮಾತು ತೊದಲಿದರೆ, ಒಂದೇ ಕಣ್ಣು ಹಠಾತ್ತನೆ ಕತ್ತಲಾದರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಹೋಗಬೇಕು. ನಡುವಯಸ್ಸು ದಾಟಿದ ಮೇಲೆ ಮೊದಲ ಬಾರಿಗೆ ಇಂತಹ ಗೆರೆ ಕಂಡವರೂ ಪರೀಕ್ಷೆಯಿಲ್ಲದೆ ಸಮಾಧಾನಪಡಬಾರದು. ಪಕ್ಕದ ಪಂಜಗುಟ್ಟದಲ್ಲಿಯೇ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಿರುವಾಗ ಊಹೆಗಳನ್ನೇಕೆ ನೆಚ್ಚಬೇಕು?

ಆದರೆ ನಮ್ಮಂತಹ ವಲಸಿಗರಿಗೆ ಇನ್ನೊಂದು ತೊಡಕುಂಟು. ಕನ್ನಡದ ಹೆಸರಿನಲ್ಲಿ ನೋವು, ತೆಲುಗಿನ ‘ಪಾರ್ಶ್ವಪು ತಲನೊಪ್ಪಿ’ಯಲ್ಲಿಯೂ ನೋವು, ನೋವೇ ಇಲ್ಲದವನು ಏನೆಂದು ಹೇಳಿಕೊಂಡಾನು? ಮೇಲಾಗಿ ‘ಪಾರ್ಶ್ವಪು’ ಎಂಬುದು ಕಿವಿಗೆ ಬಿದ್ದೊಡನೆ ಕನ್ನಡಿಗನಿಗೆ ಲಕ್ವದ ಭಯ! ತೆಲುಗರು ಅದನ್ನು ‘ಪಕ್ಷವಾತಂ’ ಎನ್ನುತ್ತಾರೆಂಬುದು ನನಗೆ ತಿಳಿದದ್ದು ಅರ್ಧ ದಿನ ಗಾಬರಿಪಟ್ಟ ಮೇಲೆ.

ಆದ್ದರಿಂದ ಕಂಡದ್ದನ್ನು ಬರೆದು ತೋರಿಸುವುದೇ ಲೇಸೆಂದು ನನ್ನ ಅಭಿಪ್ರಾಯ. ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ಜಾರ್ಜ್ ಏರಿಯವರು ತಮಗೆ ಕಾಣುತ್ತಿದ್ದ ಇಂತಹ ಗೆರೆಗಳನ್ನು 1865ರಲ್ಲಿ ವಿವರಿಸಿದ್ದರು; ವೈದ್ಯನಾದ ಮಗ ಹ್ಯೂಬರ್ಟ್ 1870ರಲ್ಲಿ ತನಗೆ ಕಂಡವನ್ನು ಚಿತ್ರಿಸಿಯೇ ಪ್ರಕಟಿಸಿದನು. ನಾನು ಅಷ್ಟು ನಿಪುಣನಲ್ಲ. ನಮ್ಮ ಸಂಘದ ಹಳೆಯ ಆಮಂತ್ರಣಪತ್ರದ ಹಿಂಬದಿಯಲ್ಲಿ, ಆರಂಭದ ಮತ್ತು ಮುಗಿದ ವೇಳೆಗಳೊಡನೆ, ಗೆರೆಯನ್ನು ಗೀಚಿಕೊಂಡು ಹೋದೆ. ವೈದ್ಯರು ಅದನ್ನೇ ದಿಟ್ಟಿಸಿ ನೋಡಿ, ನನ್ನ ಹರಕು ತೆಲುಗನ್ನು ನಿಲ್ಲಿಸಿ, ರಕ್ತದೊತ್ತಡ ಪರೀಕ್ಷಿಸಲು ತೋಳು ಚಾಚಲು ಹೇಳಿದರು.