ವಿಳಾಸ ಶಿವಮೊಗ್ಗ, ಗಿರಾಕಿ ಪರದೇಶ: ತುಂಗೆಯ ಪಟ್ಟೆಮೀನಿಗೆ ದಿಕ್ಕು ಯಾರು?

‘ಗಂಗಾ ಸ್ನಾನ, ತುಂಗಾ ಪಾನ’ ಎಂಬ ಮಾತು ಶಿವಮೊಗ್ಗದ ಮಕ್ಕಳಿಗೂ ಬಾಯಿಪಾಠ. ಆದರೆ ಇದೇ ತುಂಗೆಯ ತಳದಲ್ಲಿ ನಮ್ಮೂರಿನ ವಿಳಾಸ ಹೊತ್ತ ಒಂದು ಪುಟ್ಟ ಮೀನು ಇದೆ, ಅದು ಅಪಾಯದ ಪಟ್ಟಿ ಸೇರಿ ಹತ್ತು ವರ್ಷ ದಾಟಿತು ಎಂಬುದು ನಗರದ ಎಷ್ಟು ಜನರಿಗೆ ಗೊತ್ತು?

ಬೆರಳುದ್ದದ ಮೀನು. ಕಪ್ಪು ಮೈಗೆ ಹಳದಿ ಗೆರೆ ಎಳೆದಂಥ ಪಟ್ಟೆ, ಬಾಯಿ ಸುತ್ತ ಕುಡಿಮೀಸೆ. ಕಲ್ಲು ಸಂದಿಯಲ್ಲಿ ಗುಂಪುಗುಂಪಾಗಿ ಇರುತ್ತದೆ. ಹುಳು, ಸಣ್ಣ ಬಸವನಹುಳು ಇದರ ಊಟ. ವ್ಯಾಪಾರಿಗಳು ಇದನ್ನು ಜೀಬ್ರಾ ಲೋಚ್ ಅಂತಾರೆ. ವಿಜ್ಞಾನಿಗಳ ಪುಸ್ತಕದಲ್ಲಿ ಇದು ಬೋಟಿಯಾ ಸ್ಟ್ರಯೇಟಾ.

ಹೆಸರಿಟ್ಟವರು ಯಾರೋ ಸಾಹೇಬರಲ್ಲ. ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಸಿ. ಆರ್. ನಾರಾಯಣರಾಯರು. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಇವರೇ. 1920ರಲ್ಲಿ ಲಂಡನ್ನಿನ ವಿಜ್ಞಾನ ಪತ್ರಿಕೆಯೊಂದರಲ್ಲಿ ಈ ಮೀನನ್ನು ಮೊದಲ ಬಾರಿಗೆ ಲೋಕಕ್ಕೆ ತೋರಿಸಿದಾಗ ಅವರು ಕೊಟ್ಟ ಠಿಕಾಣಿ: ತುಂಗಾ ನದಿ, ಶಿವಮೊಗ್ಗ, ಮೈಸೂರು. ನೂರು ವರ್ಷ ಮೀರಿದರೂ ಆ ಠಿಕಾಣಿ ಬದಲಾಗಿಲ್ಲ. ಬದಲಾಗಿದ್ದು ತುಂಗೆ.

ಇದು ಎಲ್ಲ ಹೊಳೆಯಲ್ಲೂ ಸಿಗುವ ಮೀನಲ್ಲ. ಪಶ್ಚಿಮಘಟ್ಟದಲ್ಲಿ ಹುಟ್ಟಿ ಕೃಷ್ಣೆಯ ಕಡೆಗೆ ಹರಿಯುವ ಕರ್ನಾಟಕ ಮತ್ತು ಮಹಾರಾಷ್ಟ್ರದ ಕೆಲವೇ ಹೊಳೆಗಳ ಮೇಲ್ಭಾಗ ಇದರ ಮನೆ. ಬೇರೆಲ್ಲೂ ಇಲ್ಲ. 2011ರಲ್ಲಿ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಘಟ್ಟದ ಸಿಹಿನೀರಿನ ಜೀವಿಗಳ ಲೆಕ್ಕ ಪ್ರಕಟಿಸಿದಾಗ ಇದನ್ನು ‘ಅಪಾಯಕ್ಕೆ ಸಿಲುಕಿದ’ ಮೀನುಗಳ ಸಾಲಿಗೆ ಹಾಕಿತು.

ಒಂದು ಮೀನು, ಒಂದು ಡಾಲರ್

ಯಾರು ಕೊಳ್ತಾರೆ ಇದನ್ನ? ತಿನ್ನುವವರಲ್ಲ, ನೋಡುವವರು. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಶೋಕಿ ಪರದೇಶಗಳಲ್ಲಿ ದೊಡ್ಡ ದಂಧೆ. ತೊಟ್ಟಿಯ ಗಿಡ ಹಾಳು ಮಾಡುವ ಬಸವನಹುಳುವನ್ನು ಈ ಮೀನು ತಿಂದು ಮುಗಿಸುತ್ತದೆ, ಅದಕ್ಕೇ ಗಿರಾಕಿ ಜಾಸ್ತಿ. ಮನೆಯ ತೊಟ್ಟಿಯಲ್ಲಿ ಇದು ಮರಿ ಮಾಡುವುದು ಬಲು ಅಪರೂಪ. ಹೀಗಾಗಿ ಹೊಳೆಗೇ ಬಲೆ ಬೀಳುತ್ತದೆ.

2005ರಿಂದ 2012ರವರೆಗಿನ ರಫ್ತಿನ ಲೆಕ್ಕವನ್ನು ಸಂಶೋಧಕರು 2013ರಲ್ಲಿ ಬಿಚ್ಚಿಟ್ಟರು. ಅಪಾಯದಲ್ಲಿರುವ 30 ಜಾತಿಯ ಮೀನುಗಳು ಭಾರತದಿಂದ ಹೊರಗೆ ಹೋಗಿದ್ದವು, ಒಟ್ಟು 15 ಲಕ್ಷಕ್ಕೂ ಹೆಚ್ಚು. ಹೆಚ್ಚು ಹೋದವುಗಳ ಸಾಲಿನಲ್ಲಿ ನಮ್ಮ ಪಟ್ಟೆಮೀನೂ ಇತ್ತು. ಇಷ್ಟಕ್ಕೂ ಬಂದ ಬೆಲೆ ಸುಮಾರು 16 ಲಕ್ಷ ಡಾಲರ್. ಅಂಗಡಿ ಇಟ್ಟವರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ: ತಲೆಗೆ ಒಂದು ಡಾಲರ್. ಅದರಲ್ಲಿ ನೀರಿಗಿಳಿದು ಬಲೆ ಹಾಕಿದವನ ಕೈಗೆ ಎಷ್ಟು ಬಂದೀತು, ನೀವೇ ಊಹಿಸಿ.

‘ಹಾಗಾದ್ರೆ ಹಿಡಿಯೋರನ್ನ ನಿಲ್ಲಿಸಿ, ಮುಗೀತು’ ಅಂತೀರಾ? ಅಷ್ಟು ಸಲೀಸಲ್ಲ. ಕೇರಳದಲ್ಲಿ ‘ಮಿಸ್ ಕೇರಳ’ ಎಂಬ ಕೆಂಪುಗೆರೆಯ ಮೀನಿಗೂ ಇದೇ ಗತಿ ಬಂದಿತ್ತು. ಅಲ್ಲಿನ ಸರ್ಕಾರ 2008ರಲ್ಲಿ ಕಟ್ಟುಪಾಡು ತಂದಿತು, ಕೆಲವು ತಿಂಗಳು ಹಿಡಿಯಕೂಡದು ಎಂದಿತು. ಆಮೇಲೆ ಸಂಶೋಧಕರು ನೋಡಿದರೆ, ಬಾಗಿಲು ಹಾಕಿದ ತಿಂಗಳೇ ಬೇರೆ, ಮೀನು ಮೊಟ್ಟೆಯಿಡುವ ತಿಂಗಳೇ ಬೇರೆ! ಮೀನನ್ನು ಅರಿಯದೆ ಬರೆದ ಆರ್ಡರು ಕಾಗದದಲ್ಲೇ ಈಜುತ್ತದೆ.

ಬಲೆಗಿಂತ ದೊಡ್ಡ ಶತ್ರು

ಬಲೆಗಿಂತ ದೊಡ್ಡ ಏಟು ತಳಕ್ಕೆ ಬೀಳುತ್ತಿದೆ. ಈ ಮೀನಿಗೆ ಬೇಕಾದದ್ದು ಮೂರೇ: ಕಲ್ಲು-ಜಲ್ಲಿಯ ತಳ, ಹರಿಯುವ ನೀರು, ನೀರಿನಲ್ಲಿ ಉಸಿರು. ಮರಳು ಎತ್ತಿದರೆ ತಳ ಹೋಯಿತು. ಎದ್ದ ರಾಡಿ ಕಲ್ಲಿನ ಸಂದಿಗಳನ್ನು ಮುಚ್ಚುತ್ತದೆ. ಕಟ್ಟೆ ಕಟ್ಟಿ ನೀರು ನಿಲ್ಲಿಸಿದರೆ ಹರಿವು ಹೋಯಿತು, ಹೂಳು ಕೂತಿತು. ಚರಂಡಿ ಬಿಟ್ಟರೆ ಕೊಳೆ ಕರಗುವುದರಲ್ಲೇ ನೀರಿನ ಆಮ್ಲಜನಕ ಖರ್ಚು. ತಳದಲ್ಲಿ ಬದುಕುವ ಮೀನಿಗೆ ಮೊದಲು ಉಸಿರು ಕಟ್ಟುತ್ತದೆ.

ಶೃಂಗೇರಿಯ ಮೆಟ್ಟಿಲ ಬಳಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕಿ ಕೈ ಮುಗಿಯುತ್ತೇವೆ. ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲೂ ಮೀನಿಗೆ ಅಭಯ ಉಂಟು. ಒಳ್ಳೇದೇ. ದೇವರಿದ್ದ ಕಡೆ ಮೀನು ಉಳಿಯಿತು. ಆದರೆ ಮಂಡಕ್ಕಿಗೆ ಮೇಲೆ ಬಾರದ, ಕಲ್ಲಿನಡಿ ಕೂರುವ ಬೆರಳುದ್ದದ ಮೀನಿಗೆ ಗುಡಿಯೂ ಇಲ್ಲ, ಘಾಟೂ ಇಲ್ಲ, ಕೇಳುವ ಧಣಿಯೂ ಇಲ್ಲ.

‘ಒಂದು ಮೀನು ಹೋದ್ರೆ ನಮಗೇನ್ರೀ ನಷ್ಟ?’ ಎನ್ನುವ ಪ್ರಶ್ನೆ ಬಸ್ಸಿನಲ್ಲಿ ಏಳುವುದು ಸಹಜ. ನಲ್ಲಿಯ ಕಡೆ ನೋಡಿ. ಶಿವಮೊಗ್ಗ ಕುಡಿಯುವುದು ತುಂಗೆಯನ್ನೇ. ನಾವು ಬಿಟ್ಟದ್ದು ಕೂಡಲಿಯಲ್ಲಿ ಭದ್ರೆಯ ಜತೆ ಸೇರಿ ಹೊನ್ನಾಳಿ, ಹರಿಹರದ ಕಡೆ ಹೋಗುತ್ತದೆ. ತಳದ ಮೀನು ಬದುಕಿದೆ ಅಂದರೆ ತಳ ಚೊಕ್ಕಟ ಇದೆ ಎಂದರ್ಥ. ಪುಕ್ಕಟೆ ಸಿಗುವ ಇಂಥ ಇನ್‌ಸ್ಪೆಕ್ಟರ್ ಇನ್ನೊಬ್ಬ ಇಲ್ಲ. ಲಂಚ ತಿನ್ನುವುದೂ ಇಲ್ಲ!

2024ರ ನವೆಂಬರಿನಲ್ಲಿ ತುಂಗಭದ್ರೆಯನ್ನು ನಿರ್ಮಲ ಮಾಡಬೇಕೆಂದು ಶೃಂಗೇರಿಯಿಂದ ಪಾದಯಾತ್ರೆಯೇ ಹೊರಟಿತ್ತು. ಜನ ನಡೆದರು. ಇನ್ನು ನಡೆಯಬೇಕಾದ್ದು ಕಚೇರಿಗಳ ಫೈಲು.

ಕೇಳಬೇಕಾದ್ದು ಹೆಚ್ಚಿಲ್ಲ. ಒಂದು, ನಗರದ ಎಷ್ಟು ಚರಂಡಿ ನೀರು ಶುದ್ಧವಾಗಿ ಹೊಳೆಗೆ ಹೋಗುತ್ತಿದೆ, ಎಷ್ಟು ಹಾಗೇ ಹೋಗುತ್ತಿದೆ ಎಂಬ ಲೆಕ್ಕವನ್ನು ಪಾಲಿಕೆ ತಿಂಗಳಿಗೊಮ್ಮೆ ಬೋರ್ಡಿಗೆ ಹಾಕಲಿ. ಎರಡು, ಮಂಡಗದ್ದೆಯಿಂದ ಕೂಡಲಿಯವರೆಗೆ ಮೀನುಗಾರಿಕೆ ಇಲಾಖೆ ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಹೊಳೆಯ ತಳ ನೋಡಲಿ. ಶಂಕರಘಟ್ಟದಲ್ಲಿ ವಿಶ್ವವಿದ್ಯಾಲಯವೇ ಇದೆ, ಹುಡುಗರಿದ್ದಾರೆ, ಜತೆಗೆ ಕರೆದುಕೊಳ್ಳಲಿ. ಮೂರು, ಮೀನು ಎಲ್ಲಿದೆ, ಯಾವ ತಿಂಗಳು ಮೊಟ್ಟೆ ಇಡುತ್ತದೆ ಎಂದು ಗೊತ್ತಾದ ಮೇಲೆ ಆ ಜಾಗದ ಮರಳಿಗೆ ಯಾರೂ ಕೈ ಹಾಕದಂತೆ ಜಿಲ್ಲಾಡಳಿತ ನೋಡಿಕೊಳ್ಳಲಿ. ಕೇರಳದ ಎಡವಟ್ಟು ಇಲ್ಲಿ ಆಗುವುದು ಬೇಡ.

ಇದಕ್ಕೆ ಕೋಟಿಗಟ್ಟಲೆ ಯೋಜನೆ ಬೇಕಿಲ್ಲ. ಮುಂದಿನ ವಾರ್ಡ್ ಸಭೆಯಲ್ಲಿ ಚರಂಡಿ ಲೆಕ್ಕ ಕೇಳುವ ನಾಲ್ಕು ಬಾಯಿ ಬೇಕು.