ಶಾಲಾ ಪ್ರಚಾರದ ಯಶಸ್ಸು: ಎಣಿಸಬೇಕಾದುದು ಜಾಥಾವನ್ನಲ್ಲ, ಮಕ್ಕಳನ್ನು

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ದಾಖಲಾತಿ ಆಂದೋಲನದ ಸಡಗರ ಆರಂಭವಾಗುತ್ತದೆ. ಶಿಕ್ಷಕರು ಮನೆ ಮನೆಗೆ ತೆರಳುತ್ತಾರೆ. ಕರಪತ್ರ ಹಂಚಿಕೆ, ಜಾಥಾ, ತಳಿರು ತೋರಣಗಳ ಸ್ವಾಗತ ನಡೆಯುತ್ತವೆ. ಬಿಸಿಯೂಟ, ಹಾಲು, ಉಚಿತ ಪಠ್ಯಪುಸ್ತಕ, ಸಮವಸ್ತ್ರಗಳ ವಿವರ ಪೋಷಕರಿಗೆ ತಲುಪುತ್ತದೆ. ಖಾಸಗಿ ಶಾಲೆಗಳ ಫ್ಲೆಕ್ಸ್‌ಗಳು ಅದಕ್ಕೂ ಮೊದಲೇ ವೃತ್ತಗಳಲ್ಲಿ ಮೇಲೆದ್ದಿರುತ್ತವೆ. ಕೆಲವು ವಾರಗಳ ನಂತರ ಎಲ್ಲೆಡೆ ‘ಪ್ರಚಾರ ಯಶಸ್ವಿ’ ಎಂಬ ವರದಿ ಸಿದ್ಧವಾಗುತ್ತದೆ. ಆ ಯಶಸ್ಸನ್ನು ಯಾವ ಅಳತೆಗೋಲಿನಿಂದ ಅಳೆಯಲಾಯಿತು ಎಂಬ ಪ್ರಶ್ನೆ ಮಾತ್ರ ಉತ್ತರವಿಲ್ಲದೆ ಉಳಿಯುತ್ತದೆ.

ಇದು ಕೇವಲ ತಾಂತ್ರಿಕ ಪ್ರಶ್ನೆಯಲ್ಲ. ಮಕ್ಕಳ ಸಂಖ್ಯೆ ಕುಸಿದ ಶಾಲೆಯ ಶಿಕ್ಷಕರು ‘ಹೆಚ್ಚುವರಿ’ ಎನಿಸಿ ಬೇರೆಡೆಗೆ ವರ್ಗವಾಗುತ್ತಾರೆ. ಸಂಖ್ಯೆ ಇನ್ನೂ ಇಳಿದರೆ ಶಾಲೆಯ ವಿಲೀನದ ಮಾತು ಕೇಳಿಬರುತ್ತದೆ. ಅಂತಹ ಶಾಲೆಗೆ ತಪ್ಪು ಅಳತೆಗೋಲು ಎಂದರೆ ತಪ್ಪು ಚಿಕಿತ್ಸೆ.

ಸಾಮಾನ್ಯವಾಗಿ ವರದಿಗಳಲ್ಲಿ ಕಾಣುವುದು ಮಾಡಿದ ಕೆಲಸದ ಲೆಕ್ಕ: ಎಷ್ಟು ಕರಪತ್ರ, ಎಷ್ಟು ಸಭೆ, ಎಷ್ಟು ಪತ್ರಿಕೆಗಳಲ್ಲಿ ಚಿತ್ರ. ಸಾರ್ವಜನಿಕ ಸಂಪರ್ಕ ಕ್ಷೇತ್ರವೂ ಬಹುಕಾಲ ಇದೇ ದಾರಿಯಲ್ಲಿತ್ತು. ಪತ್ರಿಕೆಯಲ್ಲಿ ಪ್ರಕಟವಾದ ಸುದ್ದಿಯ ಜಾಗಕ್ಕೆ ಜಾಹೀರಾತು ದರ ಕಟ್ಟಿ, ಅದನ್ನೇ ಪ್ರಚಾರದ ‘ಮೌಲ್ಯ’ ಎನ್ನಲಾಗುತ್ತಿತ್ತು. 2010ರಲ್ಲಿ ಸ್ಪೇನ್‌ನ ಬಾರ್ಸಿಲೋನಾದಲ್ಲಿ ಸಭೆ ಸೇರಿದ ಮಾಪನ ತಜ್ಞರು ಈ ಪದ್ಧತಿಯನ್ನು ತಿರಸ್ಕರಿಸಿದರು. ‘ಬಾರ್ಸಿಲೋನಾ ತತ್ವಗಳು’ ಎಂದೇ ಹೆಸರಾದ ಆ ಸೂತ್ರಗಳ ಸಾರ ಸರಳ: ಮೊದಲು ಗುರಿ ನಿಗದಿಯಾಗಬೇಕು, ಎಷ್ಟು ಹೇಳಲಾಯಿತು ಎಂಬುದಕ್ಕಿಂತ ಕೇಳಿದವರಲ್ಲಿ ಏನು ಬದಲಾಯಿತು ಎಂಬುದನ್ನು ಅಳೆಯಬೇಕು.

ಹಾಗಾದರೆ ದಾಖಲಾತಿ ಹೆಚ್ಚಿದರೆ ಸಾಕಲ್ಲವೇ? ಸಾಲದು ಎನ್ನುತ್ತವೆ ಅಂಕಿಅಂಶಗಳು. ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ 6ರಿಂದ 14 ವರ್ಷದ ಮಕ್ಕಳಲ್ಲಿ ಸರ್ಕಾರಿ ಶಾಲೆಗೆ ದಾಖಲಾದವರ ಪ್ರಮಾಣ 2018ರಲ್ಲಿ ಶೇ 65.6 ಇದ್ದದ್ದು 2022ರಲ್ಲಿ ಶೇ 72.9ಕ್ಕೆ ಏರಿತು. 2024ರಲ್ಲಿ ಮತ್ತೆ ಶೇ 66.8ಕ್ಕೆ ಇಳಿಯಿತು. ಈ ಏರಿಳಿತಕ್ಕೆ ಯಾವ ಜಾಥಾವೂ ಮುಖ್ಯ ಕಾರಣವಲ್ಲ. ಕೋವಿಡ್ ಕಾಲದಲ್ಲಿ ದುಡಿಮೆ ಕಳೆದುಕೊಂಡ ಪೋಷಕರಿಗೆ ಶುಲ್ಕ ಭರಿಸುವುದು ಕಷ್ಟವಾಯಿತು, ಅನೇಕ ಸಣ್ಣ ಖಾಸಗಿ ಶಾಲೆಗಳು ಬಾಗಿಲು ಹಾಕಿದವು. ಪರಿಸ್ಥಿತಿ ಸುಧಾರಿಸಿದಂತೆ ಹಲವರು ಹಿಂದಿರುಗಿದರು. 2021 ಅಥವಾ 2022ರಲ್ಲಿ ಆಂದೋಲನ ನಡೆಸಿದ ಶಾಲೆಯೊಂದು ಇಡೀ ಏರಿಕೆಯನ್ನು ತನ್ನ ಕರಪತ್ರದ ಖಾತೆಗೆ ಬರೆದುಕೊಂಡಿದ್ದರೆ ಅದು ಆತ್ಮವಂಚನೆಯೇ ಆಗುತ್ತಿತ್ತು.

ನೆರೆಯ ಕೇರಳದ ಅನುಭವವೂ ಗಮನಾರ್ಹ. ಅಲ್ಲಿ 2017ರ ಜನವರಿಯಲ್ಲಿ ಸಾರ್ವಜನಿಕ ಶಿಕ್ಷಣ ಸಂರಕ್ಷಣೆಯ ದೊಡ್ಡ ಅಭಿಯಾನ ಆರಂಭವಾಯಿತು. ಮುಂದಿನ ವರ್ಷಗಳಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಹೊಸದಾಗಿ ಲಕ್ಷಾಂತರ ಮಕ್ಕಳು ಬಂದರು. ಅದು ಅಭಿಯಾನದ ಗೆಲುವೆಂದು ಬಣ್ಣಿಸಲ್ಪಟ್ಟಿತು. 2025ರಲ್ಲಿ ಒಂದನೇ ತರಗತಿಗೆ ಸೇರಿದವರ ಸಂಖ್ಯೆ ಇಳಿದಾಗ ಸರ್ಕಾರ ನೀಡಿದ ಕಾರಣ ಜನನ ಪ್ರಮಾಣದ ಕುಸಿತ. ಆ ಕಾರಣ ನಿಜವೇ ಇರಬಹುದು. ಆದರೆ ಏರಿದರೆ ಪ್ರಚಾರದ ಫಲ, ಇಳಿದರೆ ಜನಸಂಖ್ಯೆಯ ಫಲ ಎಂಬುದು ಮಾಪನವಲ್ಲ. ಅದೇ ಅಭಿಯಾನದಲ್ಲಿ ತರಗತಿ ಕೋಣೆಗಳು ಸುಧಾರಿಸಿದವು, ಡಿಜಿಟಲ್ ಸಲಕರಣೆಗಳು ಬಂದವು. ಪೋಷಕರನ್ನು ಸೆಳೆದದ್ದು ಮಾತೋ ಕೋಣೆಯೋ ಎಂಬುದನ್ನು ಒಟ್ಟು ಸಂಖ್ಯೆ ಹೇಳಲಾರದು.

ಕರ್ನಾಟಕದಲ್ಲಿ 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗ ಆರಂಭಿಸಿದಾಗಲೂ ಇದೇ ತೊಡಕಿತ್ತು. ಆ ವರ್ಷ ಬಂದ ಮಗು ಮಾಧ್ಯಮಕ್ಕಾಗಿ ಬಂದಿತೋ, ಶಿಕ್ಷಕರ ಮನವೊಲಿಕೆಯಿಂದ ಬಂದಿತೋ? ಮಾಧ್ಯಮ ಕಾರಣವಾದರೆ ಅದು ನೀತಿಯ ಫಲ, ಪ್ರಚಾರದ್ದಲ್ಲ.

ಮತ್ತೊಂದು ಸೂಕ್ಷ್ಮವಿದೆ. ಒಂದು ಸರ್ಕಾರಿ ಶಾಲೆ ಪಕ್ಕದ ಊರಿನ ಸರ್ಕಾರಿ ಶಾಲೆಯಿಂದಲೇ ಹತ್ತು ಮಕ್ಕಳನ್ನು ಸೆಳೆದರೆ ಅದರ ವರದಿಯಲ್ಲಿ ಗೆಲುವು ದಾಖಲಾಗುತ್ತದೆ. ಪಕ್ಕದ ಶಾಲೆ ಮುಚ್ಚುವ ಅಂಚಿಗೆ ಸರಿಯುತ್ತದೆ. ಇಲಾಖೆಯ ಒಟ್ಟು ಲೆಕ್ಕದಲ್ಲಿ ಲಾಭ ಸೊನ್ನೆ. ಶಾಲೆ ಬಿಟ್ಟ ಮಗುವೊಂದು ಮರಳಿ ಬಂದರೆ ಸಂಖ್ಯೆಯಲ್ಲಿ ಅದು ಕೇವಲ ಒಂದು. ಆದರೆ ನಿಜವಾದ ಗಳಿಕೆ ಅದೇ.

ಸರಿಯಾದ ಅಳತೆಗೆ ದುಬಾರಿ ಸಂಸ್ಥೆಗಳ ನೆರವು ಬೇಕಿಲ್ಲ. ಆಂದೋಲನಕ್ಕೆ ಮೊದಲೇ ಶಾಲಾ ವ್ಯಾಪ್ತಿಯ ಅರ್ಹ ಮಕ್ಕಳ ಪಟ್ಟಿ ಸಿದ್ಧವಾಗಬೇಕು. ಆಗ ಏರಿಕೆಯನ್ನು ಸಂಖ್ಯೆಯಲ್ಲಿ ಮಾತ್ರವಲ್ಲ, ಅರ್ಹರಲ್ಲಿ ಎಷ್ಟು ಪಾಲು ಎಂದೂ ನೋಡಬಹುದು. ಆಂದೋಲನ ನಡೆಯದ ಅಂಥದೇ ಶಾಲೆಯೊಂದಿಗೆ ಹೋಲಿಕೆ ಮಾಡಬೇಕು. ದಾಖಲಾತಿ ಮಾಡಿಸುವ ಪೋಷಕರಿಗೆ ‘ಈ ಶಾಲೆಯನ್ನು ಏಕೆ ಆರಿಸಿದಿರಿ’ ಎಂದು ಕೇಳಿ ಉತ್ತರ ಬರೆದಿಡಬೇಕು. ಬಾರದವರನ್ನೂ ಕೇಳಬೇಕು. ಮಗು ಎಲ್ಲಿಂದ ಬಂದಿತು, ವರ್ಷದ ಕೊನೆಗೂ ಉಳಿಯಿತೇ ಎಂಬುದನ್ನು ತಿಳಿಯಲು ಪ್ರತಿ ವಿದ್ಯಾರ್ಥಿಗೂ ಸಂಖ್ಯೆ ನೀಡುವ ‘ಸ್ಯಾಟ್ಸ್’ ವ್ಯವಸ್ಥೆ ರಾಜ್ಯದಲ್ಲಿ ಈಗಾಗಲೇ ಇದೆ.

ಈ ಮಾಹಿತಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದೆ ಬಂದರೆ ಪ್ರಚಾರದ ಸ್ವರೂಪವೇ ಬದಲಾದೀತು. ಬಾರದವರು ನೀಡಿದ ಕಾರಣ ಶೌಚಾಲಯದ ಕೊರತೆ ಎಂದಾದರೆ ಮತ್ತೊಂದು ಜಾಥಾ ವ್ಯರ್ಥ, ದುರಸ್ತಿಯೇ ಪ್ರಚಾರ. ಶಾಲೆಯಲ್ಲಿರುವ ಸೌಲಭ್ಯದ ಅರಿವೇ ಇಲ್ಲದಿದ್ದರೆ ಆಗ ಮನೆ ಭೇಟಿಗೆ ಅರ್ಥವಿದೆ.

ಜೂನ್ ತಿಂಗಳಲ್ಲಿ ಬಂದವರ ಸಂಖ್ಯೆ ಪ್ರಚಾರದ ಭರವಸೆಯನ್ನು ಹೇಳುತ್ತದೆ. ಮರು ವರ್ಷದ ಜೂನ್‌ನಲ್ಲಿ ಅದೇ ಮಕ್ಕಳು ಮುಂದಿನ ತರಗತಿಯ ಬೆಂಚಿನಲ್ಲಿ ಕುಳಿತಿದ್ದಾರೆಯೇ ಎಂಬುದು ಆ ಭರವಸೆ ಈಡೇರಿತೇ ಎಂಬುದನ್ನು ಹೇಳುತ್ತದೆ. ‘ಯಶಸ್ವಿ’ ಎಂಬ ವರದಿ ಅಲ್ಲಿಯವರೆಗೆ ಕಾಯುವುದೇ ಲೇಸು.