ಹೆರಿಗೆ ಕೋಣೆಯೋ, ಐಸಿಯುವೋ?



ಬೆಳ್ತಂಗಡಿ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಮಗಳು ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದಾಳೆ, ಎರಡು ಕಡೆಯಿಂದ ಕೆಲಸಕ್ಕೆ ಕರೆ ಬಂದಿದೆ. ಒಂದು, ಮಂಗಳೂರಿನ ದೊಡ್ಡ ಆಸ್ಪತ್ರೆಯ ಐಸಿಯು. ಇನ್ನೊಂದು, ಮನೆಗೆ ಹತ್ತಿರದ ಸಣ್ಣ ಆಸ್ಪತ್ರೆಯ ಹೆರಿಗೆ ಕೋಣೆ. ತಂದೆಗೆ ಹತ್ತಿರದ್ದೇ ಆಗಬೇಕು. ಅಜ್ಜಿಯ ರಾಗ ಬೇರೆ: "ಮದುವೆಯಾಗದ ಹುಡುಗಿಗೆ ಹೆರಿಗೆ ಕೋಣೆಯಲ್ಲಿ ಏನು ಕೆಲಸ?" ಹುಡುಗಿ ಮಾತ್ರ ಬಾಯಿ ಬಿಡುತ್ತಿಲ್ಲವಂತೆ. "ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು, ನೀವೇ ಒಂದು ಹೇಳಿ ಅಕ್ಕ" ಎಂದು ಕೇಳಿದ್ದಾರೆ.

ನಾನು ಹೈಸ್ಕೂಲು ಮುಗಿಸಿ ಅಡುಗೆಮನೆ ಸೇರಿದವಳು. ಆದರೆ ಮೂಡುಬಿದಿರೆಯಲ್ಲಿ ನಮ್ಮ ಪಕ್ಕದ ಮನೆಯವರು ಮೂವತ್ತು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು, ಈ ಎರಡೂ ಕಡೆ ದುಡಿದವರು. ನಮ್ಮ ಕೇರಿಗೆಲ್ಲ ಅವರು ಸಿಸ್ಟರಕ್ಕ. ಕಾಗದ ಹಿಡಿದುಕೊಂಡು ಅವರ ಜಗಲಿಯಲ್ಲಿ ಒಂದು ಮಧ್ಯಾಹ್ನ ಕೂತು ಬಂದೆ.

ಅಜ್ಜಿಯ ಮಾತನ್ನು ಮೊದಲು ಮುಗಿಸಿಬಿಡೋಣ. ಹುಡುಗಿ ಓದುವಾಗಲೇ ಹೆರಿಗೆ ಮಾಡಿಸಿ ಕಲಿತು ಬಂದವಳು. ನಮ್ಮಲ್ಲಿ ಈ ಓದು ಮುಗಿಸಿದವರನ್ನು ನರ್ಸ್ ಎಂದೂ ಮಿಡ್‌ವೈಫ್ ಎಂದೂ ಎರಡೂ ಹೆಸರಿನಲ್ಲಿ ನೋಂದಾಯಿಸುತ್ತಾರೆ. ಅಂದಮೇಲೆ ಆ ಕೋಣೆಯ ಬಾಗಿಲನ್ನು ಅವಳು ಯಾವತ್ತೋ ದಾಟಿಯಾಯಿತು ಅಂತ ಅಜ್ಜಿಗೆ ಮೆಲ್ಲಗೆ ಹೇಳಿ.

ತಂದೆಯವರು ಹೆರಿಗೆ ಕೋಣೆ ಅಂದರೆ ಸ್ವಲ್ಪ ಹಗುರದ ಕೆಲಸ ಅಂದುಕೊಂಡ ಹಾಗೆ ಕಾಣುತ್ತದೆ. ಅದನ್ನು ಕೇಳಿ ಸಿಸ್ಟರಕ್ಕ ನಕ್ಕುಬಿಟ್ಟರು. ಅಲ್ಲಿ ಒಂದು ಮಂಚದಲ್ಲಿ ಎರಡು ಜೀವ. ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160ರ ಒಳಗೆ ಇರಬೇಕು. ನೋವು ಬಲಿತ ಮೇಲೆ ಅದನ್ನು ಅರ್ಧ ಗಂಟೆಗೊಮ್ಮೆ ಕೇಳಬೇಕು, ತಾಯಿ ಮುಕ್ಕಲು ಶುರುಮಾಡಿದ ಮೇಲೆ ಐದೈದು ನಿಮಿಷಕ್ಕೆ. ಮಗು ಹೊರಗೆ ಬಂದ ಕೂಡಲೇ ತಾಯಿಗೆ ಗರ್ಭಕೋಶ ಬಿಗಿಯಾಗಲು 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್. ಮಗು ಅಳಲಿಲ್ಲವೋ, ಮೊದಲ ಒಂದು ನಿಮಿಷದೊಳಗೆ ಅದಕ್ಕೆ ಉಸಿರು ಕೊಡುವ ಕೆಲಸ ಶುರುವಾಗಬೇಕು. ಎಲ್ಲ ಸರಿಯಾಯಿತು ಅನ್ನುವಾಗ ಕೆಲವರಿಗೆ ರಕ್ತ ಹೋಗಲು ತೊಡಗುತ್ತದೆ. ಅರ್ಧ ಲೀಟರ್ ಮೀರಿದರೆ ಅಪಾಯ. ಹಾಸಿದ ಬಟ್ಟೆ ಯಾಕೆ ಇಷ್ಟು ಬೇಗ ನೆನೆಯಿತು ಅಂತ ಮೊದಲು ನೋಡಿ ಡಾಕ್ಟರನ್ನು ಕೂಗುವವಳು ಸಿಸ್ಟರೇ.

ನಮ್ಮ ಕಡೆ ಇನ್ನೂ ಒಂದು ಉಂಟು. ದಾರಿ. ಚಾರ್ಮಾಡಿ ಕಡೆಯಿಂದ ಬೆಳ್ತಂಗಡಿಗೆ ಬಂದು ಮುಟ್ಟಿದ ಬಸುರಿಯನ್ನು ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಗೆ ಕಳಿಸಬೇಕಾದರೆ ಮುಂದೆ ಮತ್ತೆ ಸುಮಾರು 60 ಕಿಲೋಮೀಟರ್. ಇವಳದ್ದು ಇಲ್ಲಿ ಆಗುವ ಹೆರಿಗೆಯಲ್ಲ ಎಂದು ಹೊತ್ತಿಗೆ ಸರಿಯಾಗಿ ಗುರುತಿಸುವ ಕಣ್ಣು ತಾಲೂಕಿನ ಸಿಸ್ಟರಿಗೆ ಬೇಕು. ಭಾಷೆಯೂ ಬೇಕು. ಬಂಟ್ವಾಳದ ಹೆರಿಗೆ ವಾರ್ಡಿನಲ್ಲಿ ಒಂದೇ ರಾತ್ರಿ ತುಳು, ಬ್ಯಾರಿ, ಕೊಂಕಣಿ, ಕನ್ನಡ ನಾಲ್ಕೂ ಕೇಳಿಸೀತು. ನೋವಿನಲ್ಲಿ "ಅಪ್ಪೇ" ಎಂದು ಕೂಗಿದವಳಿಗೆ ತುಳುವಿನಲ್ಲಿ ಒಂದು ಮಾತು ಹೇಳುವ ಹುಡುಗಿ ಪಕ್ಕದಲ್ಲಿದ್ದರೆ ಅರ್ಧ ಹೆದರಿಕೆ ಅಲ್ಲಿಗೇ ಇಳಿಯುತ್ತದೆ.

ಐಸಿಯುವಿನಲ್ಲಿ ರೋಗಿಗೆ ಹೆಚ್ಚಾಗಿ ಮಾತೇ ಇಲ್ಲ. ಅದನ್ನು ನಾನೇ ನೋಡಿದ್ದೇನೆ. ನಮ್ಮ ಅತ್ತೆ ಒಂಬತ್ತು ದಿನ ಅಲ್ಲಿದ್ದರು. ಗಂಟಲಲ್ಲಿ ವೆಂಟಿಲೇಟರಿನ ಕೊಳವೆ. ಇಪ್ಪತ್ತೆರಡೋ ಇಪ್ಪತ್ತಮೂರೋ ವರ್ಷದ ಒಬ್ಬಳು ಹುಡುಗಿ. ಬೆನ್ನು ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕಫ ಎಳೆಯುವುದು, ಬಾಯಿ ಶುಚಿ ಮಾಡುವುದು, ಗಂಟೆಗಂಟೆಗೂ ಮೂತ್ರ ಅಳೆದು ಬರೆಯುವುದು, ಪಂಪಿನಲ್ಲಿ ಹೋಗುವ ಔಷಧದ ಲೆಕ್ಕ ನೋಡುವುದು. ಇಷ್ಟರ ನಡುವೆ ಪ್ರತಿ ಸಲವೂ "ಅಜ್ಜಿ, ಈಗ ಆಚೆ ಬದಿಗೆ ತಿರುಗಿಸ್ತೇನೆ ಆಯ್ತಾ" ಅಂತ ಹೇಳಿಯೇ ತಿರುಗಿಸುತ್ತಿದ್ದಳು, ಅತ್ತೆಗೆ ಎಚ್ಚರವೇ ಇರದಿದ್ದರೂ. ಒಂಬತ್ತನೆಯ ದಿನ ಅತ್ತೆ ಹೋದರು. ಅವಳು ಕೊಳವೆ ತೆಗೆದು, ಮುಖ ಒರೆಸಿ, ತಲೆ ಬಾಚಿ, ಆಮೇಲೆ ನಮ್ಮನ್ನು ಒಳಗೆ ಕರೆದಳು.

ಆ ವಯಸ್ಸಿನಲ್ಲಿ ಅಷ್ಟು ಸಾವು ನೋಡುವುದು ಹೇಗೆ ಎಂದು ಸಿಸ್ಟರಕ್ಕನನ್ನು ಕೇಳಿದೆ. "ಐಸಿಯುವಿನಲ್ಲಿ ಸಾವು ಹೆಚ್ಚಿನ ಸಲ ಹೇಳಿ ಬರುತ್ತದೆ ಮಾರಾಯ್ತಿ. ಹೆರಿಗೆ ಕೋಣೆಯಲ್ಲಿ ಬರುವುದು ಅಪರೂಪ, ಆದರೆ ಹೇಳದೆ ಬರುತ್ತದೆ. ಯಾವುದನ್ನು ತಡೆದುಕೊಳ್ಳುತ್ತಾಳೋ ಅವಳೇ ಹೇಳಬೇಕು" ಅಂದರು.

ಮುಂದಿನ ದಾರಿಯ ವಿಷಯ ಚುಟುಕಾಗಿ ಹೇಳುತ್ತೇನೆ. ಪರದೇಶದ ಆಸೆ ಇದ್ದರೆ ಐಸಿಯು ಅನುಭವಕ್ಕೆ ಬೆಲೆ ಉಂಟು. ಇಂಗ್ಲೆಂಡಿನಲ್ಲಿ ಮಿಡ್‌ವೈಫ್ ನೋಂದಣಿಯೇ ಬೇರೆ, ಇಲ್ಲಿಂದ ನರ್ಸ್ ಆಗಿ ಹೋದವಳು ಅಲ್ಲಿ ಮಿಡ್‌ವೈಫ್ ಆಗಬೇಕಾದರೆ ಮತ್ತೆ ಕಲಿಯಬೇಕು. ಊರಿನಲ್ಲೇ ಇರುತ್ತೇನೆ ಅನ್ನುವವಳಿಗೆ ಹೆರಿಗೆಯ ಕೈಗುಣ ಎಲ್ಲ ತಾಲೂಕಿನಲ್ಲೂ ಬೇಕು. 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ನರ್ಸುಗಳಿಗೆ 18 ತಿಂಗಳ ಹೆಚ್ಚಿನ ಮಿಡ್‌ವೈಫರಿ ತರಬೇತಿಯನ್ನೂ ಇಟ್ಟಿದ್ದಾರೆ. ಐಸಿಯು ಕಡೆಯವರಿಗೂ ಒಂದು ವರ್ಷದ ಡಿಪ್ಲೊಮಾ ಇದೆ. ಹಾಗಾಗಿ ಈಗ ಒಂದನ್ನು ಹಿಡಿದರೆ ಇನ್ನೊಂದು ಬಾಗಿಲು ಮುಚ್ಚಿತು ಅಂತ ಅಳುವುದು ಬೇಡ.

ಇನ್ನು ನನ್ನ ಅಭಿಪ್ರಾಯ. ಹತ್ತಿರ ದೂರ ನೋಡುವ ಮೊದಲು ಆ ಸಣ್ಣ ಆಸ್ಪತ್ರೆಗೆ ಮಗಳನ್ನೇ ಕಳಿಸಿ, ಒಂದು ಪ್ರಶ್ನೆ ಕೇಳಿಸಿ: "ರಾತ್ರಿ ಪಾಳಿಯಲ್ಲಿ ನನ್ನ ಜೊತೆ ಅನುಭವಸ್ಥ ಸಿಸ್ಟರ್ ಇರುತ್ತಾರಾ? ಎಷ್ಟು ತಿಂಗಳು?" ಇರುತ್ತಾರೆ, ಡಾಕ್ಟರೂ ಕರೆದರೆ ಬರುವಷ್ಟು ಹತ್ತಿರ ಇದ್ದಾರೆ ಎಂದಾದರೆ ಕಣ್ಣುಮುಚ್ಚಿ ಸೇರಬಹುದು. ಹೊಸ ಹುಡುಗಿಯನ್ನು ಎರಡನೇ ವಾರಕ್ಕೇ ಹೆರಿಗೆ ಕೋಣೆಯಲ್ಲಿ ಒಬ್ಬಳೇ ಬಿಡುವ ಜಾಗವಾದರೆ ಬೇಡವೇ ಬೇಡ. ಮಂಗಳೂರಿನ ಹಾಸ್ಟೆಲಿಗೆ ಕಳಿಸಿ. ತಂದೆ ನಾಲ್ಕು ದಿನ ಮುಖ ಊದಿಸಿಯಾರು, ಐದನೇ ದಿನ ಅವರೇ ಬಸ್ಸು ಹತ್ತಿಸಿ ಬರುತ್ತಾರೆ. ಐಸಿಯುವಿನಲ್ಲೂ ಇದೇ ಪ್ರಶ್ನೆ ಕೇಳಲಿ, ಒಬ್ಬಳಿಗೆ ಎಷ್ಟು ರೋಗಿ ಕೊಡುತ್ತಾರೆ ಅಂತಲೂ ಕೇಳಲಿ. ವೆಂಟಿಲೇಟರಿನಲ್ಲಿರುವ ರೋಗಿಗೆ ಒಬ್ಬ ನರ್ಸ್ ಎನ್ನುವುದು ಇರಬೇಕಾದ ಲೆಕ್ಕ. ಎರಡೂ ಕಡೆ ಬಾಂಡ್ ಪೇಪರ್ ಪೂರಾ ಓದಿಯೇ ಸಹಿ ಹಾಕಲಿ. ಮೂಲ ಸರ್ಟಿಫಿಕೇಟ್ ತೋರಿಸಿ, ಜೆರಾಕ್ಸ್ ಕೊಟ್ಟು ಬರಲಿ.

ಇದಕ್ಕೆಲ್ಲ ಮೊದಲು, ಬಾಯಿ ಬಿಡದ ಮಗಳ ಹತ್ತಿರ ಕೂತು "ಯಾವುದು ಬೇಕು" ಅಂತ ಕೇಳಬೇಡಿ, ಅದನ್ನು ಕೇಳಿ ಕೇಳಿ ಅವಳಿಗೆ ಸಾಕಾಗಿದೆ. ಓದುವಾಗ ಯಾವ ವಾರ್ಡಿನ ಡ್ಯೂಟಿ ಮುಗಿಸಿ ಬಂದ ದಿನ ಊಟಕ್ಕೆ ಕೂತು ಕಥೆ ಹೇಳುತ್ತಿದ್ದಳು, ಯಾವ ದಿನ ಸುಮ್ಮನೆ ಹೋಗಿ ಮಲಗುತ್ತಿದ್ದಳು, ನೀವೇ ನೆನಪು ಮಾಡಿಕೊಳ್ಳಿ. ಆ ಕಥೆಯಿಂದ ಮಾತು ತೆಗೆಯಿರಿ. ಈ ಸಂಚಿಕೆ ಕೈಸೇರುವಾಗ ತಡವಾದೀತೆಂದು ನಿಮಗೆ ಬೇರೆಯೇ ಒಂದು ಕಾಗದ ಹಾಕಿದ್ದೇನೆ.

ಹಾಂ, ರಾತ್ರಿ ಪಾಳಿಯ ಬುತ್ತಿಗೆ ಕುಚ್ಚಲಕ್ಕಿ ಅನ್ನ ಒತ್ತಿ ತುಂಬಿಸಬೇಡಿ, ಎರಡು ಗಂಟೆಗೆ ನಿದ್ದೆ ಎಳೆಯುತ್ತದಂತೆ. ಸಿಸ್ಟರಕ್ಕನ ಡಬ್ಬಿಯಲ್ಲಿ ಮೂವತ್ತು ವರ್ಷವೂ ಇದ್ದದ್ದು ಕಾಯಿತುರಿ ಹಾಕಿದ ಹೆಸರುಕಾಳಿನ ಉಸ್ಲಿ, ಎರಡು ಬಾಳೆಹಣ್ಣು.